ಮಗ್ಗಕ್ಕೊಂದು ಕಾರ್ಡು, ಸರ್ವರಿಗೊಂದು ಫರ್ಮ್‌ವೇರ್

ರೇಷ್ಮೆ ಸೀರೆಗೆ ಹೆಸರಾದ ಮೊಳಕಾಲ್ಮೂರಿನ ಮಕ್ಕಳಿಗೆ ಮಗ್ಗ ಹೊಸದಲ್ಲ. ಜಕಾರ್ಡ್ ಅಳವಡಿಸಿದ ಮಗ್ಗದ ಮೇಲೆ ತೂತು ಕೊರೆದ ರಟ್ಟಿನ ಕಾರ್ಡುಗಳ ಮಾಲೆ ತೂಗುತ್ತಿರುತ್ತದೆ. ಯಾವ ಎಳೆ ಮೇಲೇಳಬೇಕೆಂದು ಆ ತೂತುಗಳೇ ಹೇಳುತ್ತವೆ. ಕಾರ್ಡು ಬದಲಿಸಿದರೆ ಅದೇ ಮಗ್ಗದಲ್ಲಿ ಬೇರೆ ಹೂವು ಅರಳುತ್ತದೆ.

ಕಂಪ್ಯೂಟರಿನಲ್ಲಿಯೂ ಇಂಥದೊಂದು ಮಾಲೆಯಿದೆ. ಮದರ್‌ಬೋರ್ಡಿನ ಚಿಪ್ಪಿನಲ್ಲಿ ಬರೆದಿಟ್ಟ ಆ ಆದೇಶಗಳೇ ಫರ್ಮ್‌ವೇರ್. ಸ್ವಿಚ್ ಒತ್ತಿದಾಗ ಮೊದಲು ಎಚ್ಚರಗೊಳ್ಳುವುದು ಅದು; ಲಿನಕ್ಸ್, ವಿಂಡೋಸ್ ಎಲ್ಲ ಆಮೇಲೆ. ಅದರಲ್ಲಿಯೂ ತಿದ್ದುಪಡಿ ಬೇಕಾಗುತ್ತದೆ. 2018ರ ಜನವರಿಯಲ್ಲಿ ‘ಸ್ಪೆಕ್ಟರ್’ ಎಂಬ ಪ್ರೊಸೆಸರ್ ದೋಷ ಬಯಲಾದಾಗ ತಯಾರಕರು ಹೊಸ ಫರ್ಮ್‌ವೇರ್ ಹೊರತರಬೇಕಾಯಿತು.

ತೊಡಕಿರುವುದು ಇಲ್ಲಿ. ಸರ್ವರಿನ ಫರ್ಮ್‌ವೇರ್ ಬದಲಿಸುವ ತಂತ್ರಾಂಶವನ್ನು ತಯಾರಕರು ಸಾಮಾನ್ಯವಾಗಿ ರೆಡ್ ಹ್ಯಾಟ್, ಸೂಸೆಯಂಥ ಕೆಲವೇ ಲಿನಕ್ಸ್‌ಗಳಿಗೆ ಪರೀಕ್ಷಿಸಿ ಕೊಡುತ್ತಾರೆ. ಕಾಲೇಜೊಂದು ಉಚಿತವಾದ ಡೆಬಿಯನ್ ಹಾಕಿಕೊಂಡಿದ್ದರೆ ‘ಬೆಂಬಲವಿಲ್ಲ’ ಎಂಬ ಉತ್ತರ ಬರಬಹುದು. ಅಷ್ಟಕ್ಕೇ ಗಟ್ಟಿಮುಟ್ಟಾದ ಯಂತ್ರವನ್ನು ಗುಜರಿಗೆ ಹಾಕಬೇಕೆ?

ಬೇಕಿಲ್ಲ. ಫರ್ಮ್‌ವೇರ್ ಇರುವುದು ಲಿನಕ್ಸ್‌ನ ಕೆಳಗೆ. ಆದ್ದರಿಂದ ಲಿನಕ್ಸ್‌ನ ಹಂಗಿಲ್ಲದೆಯೂ ಅದನ್ನು ಬದಲಿಸಲು ಸಾಧ್ಯ. ಹಲವು ಸರ್ವರುಗಳಲ್ಲಿ ಬಯೋಸ್ ಪರದೆಯಿಂದಲೇ ಪೆನ್‌ಡ್ರೈವಿನ ಕಡತವನ್ನು ಓದಿಸಬಹುದು. ಕೆಲವದರಲ್ಲಿ ಮೇಲ್ವಿಚಾರಣೆಗೆಂದೇ ಇರುವ ಪ್ರತ್ಯೇಕ ಚಿಪ್ಪಿಗೆ ನೆಟ್‌ವರ್ಕ್ ಮೂಲಕ ಕಳಿಸಬಹುದು. ಮೂರನೆಯ ದಾರಿ 2015ರಲ್ಲಿ ಬಂದ ‘ಎಫ್‌ಡಬ್ಲ್ಯುಅಪ್‌ಡಿ’ ಎಂಬ ಮುಕ್ತ ತಂತ್ರಾಂಶ. ತಯಾರಕರು ಅದಕ್ಕೆ ಕಡತ ಒದಗಿಸಿದ್ದರೆ ಡೆಬಿಯನ್‌ನಲ್ಲಿಯೂ ಕೆಲಸವಾಗುತ್ತದೆ.

ಆದರೆ ಎಚ್ಚರಿಕೆ ಬೇಕು. ಮಗ್ಗದ ಕಾರ್ಡು ಹರಿದರೆ ಇನ್ನೊಂದನ್ನು ಪೋಣಿಸಬಹುದು; ಚಿಪ್ಪಿನಲ್ಲಿ ಅರ್ಧ ಬರೆಯುವಾಗ ಕರೆಂಟು ಹೋದರೆ ಯಂತ್ರ ಮತ್ತೆ ಏಳದಿರಬಹುದು. ಚಳ್ಳಕೆರೆಯ ಬೇಸಿಗೆಯಲ್ಲಿ ಫ್ಯಾನು ನಿಂತರೆ ಸೆಕೆಯಷ್ಟೇ, ಸರ್ವರು ನಿಂತರೆ ನಷ್ಟ. ಆದ್ದರಿಂದ ಯುಪಿಎಸ್ ತುಂಬಿರಲಿ. ಮಾಹಿತಿಯ ಪ್ರತಿ ಬೇರೆಡೆ ಇರಲಿ. ಕಡತವು ತಯಾರಕರದೇ, ನಿಮ್ಮ ಮಾದರಿಯದೇ ಎಂದು ಖಚಿತಪಡಿಸಿಕೊಂಡು, ಅವರು ಕೊಟ್ಟ ತಾಳೆಸಂಖ್ಯೆಯೊಡನೆ ಹೋಲಿಸಿರಿ. ಬರೆಯುತ್ತಿರುವಾಗ ಯಾವ ಗುಂಡಿಯನ್ನೂ ಮುಟ್ಟಬೇಡಿ.

ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣವಿದೆ. ಅಂಥ ಕಡೆ ದುಡಿಯುವ ಕನಸುಳ್ಳ ವಿದ್ಯಾರ್ಥಿಗಳು ಒಂದು ಭೇದವನ್ನು ಅರಿಯಬೇಕು: ‘ಬೆಂಬಲವಿಲ್ಲ’ ಎಂದರೆ ‘ನಾವು ಪರೀಕ್ಷಿಸಿಲ್ಲ, ಹೊಣೆ ನಮ್ಮದಲ್ಲ’ ಎಂದೇ ಹೊರತು ‘ಆಗದು’ ಎಂದಲ್ಲ. ಪಾಲಕರೇ, ಹಳೆಯ ಯಂತ್ರವನ್ನು ಮಗ ಅಥವಾ ಮಗಳು ಬಿಚ್ಚಿ ನೋಡಿದರೆ ಗದರಬೇಡಿ. ಹೊಣೆಯರಿತು ಮಾಡುವುದನ್ನು ಮಾತ್ರ ಕಲಿಸಿರಿ.