ಉಳಿದ ಬೈಟು, ಉಳಿಯದ ಪಠ್ಯ: ಯೂನಿಕೋಡ್‌ಪೂರ್ವ ಕನ್ನಡ ಜಾಲಪುಟಗಳ ಸಂಗ್ರಹಣೆ

ಇಂಟರ್ನೆಟ್ ಆರ್ಕೈವ್ 1996ರಿಂದ ಸಂಗ್ರಹಿಸುತ್ತ ಬಂದ ಜಾಲಪುಟಗಳನ್ನು 2001ರಲ್ಲಿ ವೇಬ್ಯಾಕ್ ಮಷೀನ್ ಮೂಲಕ ಸಾರ್ವಜನಿಕರಿಗೆ ತೆರೆಯಿತು. ಆ ಕಾಲದ ಕನ್ನಡ ಪುಟವನ್ನು ಅಲ್ಲಿ ಇಂದು ತೆರೆದರೆ ಅನೇಕ ವೇಳೆ ಕಾಣುವುದು ಕನ್ನಡವಲ್ಲ, ರೋಮನ್ ಅಕ್ಷರಗಳ ಅರ್ಥಹೀನ ಸಾಲುಗಳು. ಪುಟ ಉಳಿದಿದೆ, ಪಠ್ಯ ಉಳಿದಿಲ್ಲ. ಈ ಅಂತರದ ಭಾಷಾವೈಜ್ಞಾನಿಕ ಪರಿಣಾಮಗಳನ್ನು ಇಲ್ಲಿ ವಿವರಿಸುತ್ತೇವೆ.

ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರಲ್ಲಿಯೇ ಸ್ಥಾನ ದೊರೆತಿದ್ದರೂ ಜಾಲದಲ್ಲಿ ಅದರ ಬಳಕೆ ವ್ಯಾಪಕವಾಗಲು ದಶಕಕ್ಕೂ ಹೆಚ್ಚು ಕಾಲ ಹಿಡಿಯಿತು. ಅಲ್ಲಿಯವರೆಗೆ ಅಕ್ಷರವನ್ನಲ್ಲದೆ ಅಕ್ಷರದ ಚೂರುಗಳನ್ನು ಸಂಕೇತಿಸುವ ಫಾಂಟುಗಳೇ ಆಧಾರವಾಗಿದ್ದವು. ನುಡಿಯ ಸಂಕೇತವ್ಯವಸ್ಥೆಯಲ್ಲಿ ‘ಕ’ ಎಂಬುದು ತಲೆಕಟ್ಟಿಲ್ಲದ ಒಡಲು ಮತ್ತು ತಲೆಕಟ್ಟು ಎಂಬ ಎರಡು ಸಂಕೇತ. ‘ಕೋ’ ಎಂಬುದು ಒಡಲು, ಎತ್ವ, ಕೊಂಬು, ದೀರ್ಘ ಎಂಬ ನಾಲ್ಕು. ಕ್ರಮವೂ ಬೇರೆ. ‘ಅರ್ಕ’ದಲ್ಲಿ ಯೂನಿಕೋಡ್ ಉಚ್ಚಾರಣೆಯನ್ನು ಅನುಸರಿಸಿ ರೇಫವನ್ನು ಮೊದಲಿಡುತ್ತದೆ, ಫಾಂಟು ಕಣ್ಣಿಗೆ ಕಾಣುವಂತೆ ಅರ್ಕಾವೊತ್ತನ್ನು ‘ಕ’ದ ಬಳಿಕ ಇಡುತ್ತದೆ. ಆದ್ದರಿಂದ ಪರಿವರ್ತಕವೆಂಬುದು ಬರಿಯ ಕೋಷ್ಟಕವಲ್ಲ, ಅಕ್ಷರರಚನೆಯನ್ನು ಬಲ್ಲ ಪುಟ್ಟ ವ್ಯಾಕರಣ; ಅದಕ್ಕೆ ತನ್ನದೇ ಪೂರ್ವಗ್ರಹಗಳೂ ಇರುತ್ತವೆ.

‘ಸೂರ್ಯ’ ಪದವನ್ನೇ ನೋಡಬಹುದು. ಕೆಲವರು ಇದನ್ನು ಅರ್ಕಾವೊತ್ತಿನಿಂದಲೂ ಕೆಲವರು ಪೂರ್ಣ ರಕಾರಕ್ಕೆ ಯಕಾರದ ಒತ್ತು ಕೊಟ್ಟೂ ಬರೆಯುತ್ತಾರೆ. ಹಳೆಯ ಫಾಂಟುಗಳಲ್ಲಿ ಇವು ಭಿನ್ನ ಸಂಕೇತಸರಣಿಗಳು. ಪರಿವರ್ತಕವು ಎರಡನ್ನೂ ರ, ವಿರಾಮ, ಯ ಎಂಬ ಒಂದೇ ಸರಣಿಗೆ ಇಳಿಸಿದರೆ ಲೇಖಕರ ಆಯ್ಕೆಯ ಸಾಕ್ಷ್ಯವೇ ಅಳಿಯುತ್ತದೆ. ಯೂನಿಕೋಡ್‌ನಲ್ಲಿ ಅಗೋಚರವಾದ ಜೋಡಕವೊಂದು ಈ ಭೇದವನ್ನು ಉಳಿಸಬಲ್ಲದು. ಪಠ್ಯಶುದ್ಧಿಯ ಹೆಸರಿನಲ್ಲಿ ಮೊದಲು ಕಸವಾಗುವುದೂ ಅದೇ. ಲಿಪಿಬಳಕೆಯ ವೈವಿಧ್ಯವನ್ನು ಅಧ್ಯಯನ ಮಾಡುವವರಿಗೆ ಇದು ಸಣ್ಣ ನಷ್ಟವಲ್ಲ.

ಇನ್ನೊಂದು ನಷ್ಟ ಸದ್ದಿಲ್ಲದೆ ಆಗುತ್ತದೆ. ಯೂನಿಕೋಡ್ ವ್ಯಾಪ್ತಿಯನ್ನು ನೋಡಿ ಭಾಷೆಯನ್ನು ಗುರುತಿಸುವ ತಂತ್ರಾಂಶಕ್ಕೆ ಈ ಪುಟಗಳು ಕನ್ನಡವೇ ಅಲ್ಲ. ಹೀಗೆ ಕಟ್ಟಿದ ಪಠ್ಯಕೋಶದಲ್ಲಿ ಜಾಲಗನ್ನಡದ ಮೊದಲ ವರ್ಷಗಳು ಇರುವುದಿಲ್ಲ. ಇಲ್ಲವೆಂಬುದು ಬಳಸುವವರಿಗೆ ಗೊತ್ತಾಗುವುದೂ ಇಲ್ಲ.

ಪರಿವರ್ತಿತ ಪಠ್ಯವನ್ನು ಮೂಲದ ಬದಲಿಗೆ ಇಡುವ ರೂಢಿಯನ್ನು ನಾವು ಒಪ್ಪುವುದಿಲ್ಲ. ಮೂಲ ಬೈಟುಗಳು ಹಾಗೆಯೇ ಇರಬೇಕು. ಜೊತೆಗೆ ಫಾಂಟಿನ ಕಡತವೂ ಸಂಕೇತಕೋಷ್ಟಕವೂ ಇರಬೇಕು. ಪರಿವರ್ತಿತ ರೂಪ ಬೇರೊಂದು ಪದರವಾಗಿ, ಪರಿವರ್ತಕದ ಹೆಸರು ಮತ್ತು ಆವೃತ್ತಿಯೊಡನೆ ನಿಲ್ಲಲಿ. ಫಾಂಟಿನ ಹೆಸರೇ ಪುಟದಲ್ಲಿ ಇಲ್ಲದಿದ್ದರೂ ದಾರಿಯುಂಟು: ತಲೆಕಟ್ಟನ್ನು ಬೇರ್ಪಡಿಸುವ ವ್ಯವಸ್ಥೆಗಳಲ್ಲಿ ಅದು ಅತ್ಯಂತ ಹೆಚ್ಚು ಮರುಕಳಿಸುವ ಸಂಕೇತಗಳಲ್ಲೊಂದು. ಆವೃತ್ತಿಗಣನೆಯಲ್ಲಿ ಮೊದಲು ಅದನ್ನು ಹುಡುಕಿದರೆ ಉಳಿದ ಚೂರುಗಳನ್ನು ಗುರುತಿಸಲು ಒಂದು ನೆಲೆ ದೊರೆಯುತ್ತದೆ.