ಪಾಂಡವರ ಊರಲ್ಲಿ ಕರ್ಣನ ಮೋಹ

ಊರ ಹೆಸರು ಪಾಂಡವಪುರ. ಪಕ್ಕದ ಬೆಟ್ಟ ಕುಂತಿಯದು. ಅಲೆದಾಟದ ದಿನಗಳಲ್ಲಿ ಕುಂತಿ ಐವರು ಮಕ್ಕಳನ್ನು ಕಟ್ಟಿಕೊಂಡು ಇಲ್ಲಿ ತಂಗಿದ್ದಳು ಅನ್ನುವುದು ಸುತ್ತಲ ಹಳ್ಳಿಗಳ ನಂಬಿಕೆ. ಒಂದು ಕಾಲಕ್ಕೆ ಹಿರೋಡೆಯಾಗಿದ್ದು, ಹೈದರ್–ಟಿಪ್ಪು ಕಾಲದ ಫ್ರೆಂಚ್ ಸಿಪಾಯಿಗಳಿಂದಾಗಿ ‘ಫ್ರೆಂಚ್ ರಾಕ್ಸ್’ ಅನ್ನಿಸಿಕೊಂಡ ಊರು ಕೊನೆಗೆ ಪಾಂಡವರ ಹೆಸರಲ್ಲೇ ನೆಲೆ ನಿಂತಿತು. ಇಷ್ಟಾದರೂ ಸುಗ್ಗಿ ಮುಗಿದು, ಊರಹಬ್ಬ ಬಂದು, ದೇವಸ್ಥಾನದ ಮುಂದೆ ‘ಕುರುಕ್ಷೇತ್ರ’ ನಾಟಕದ ಸ್ಟೇಜು ಎದ್ದಿತೆಂದರೆ ಜನರ ಕರುಳು ಮಿಡಿಯುವುದು ಧರ್ಮರಾಯನಿಗಲ್ಲ, ಅರ್ಜುನನಿಗೂ ಅಲ್ಲ. ಕುಂತಿ ಹೊಳೆಗೆ ಬಿಟ್ಟ ಹಿರಿಮಗನಿಗೆ.

ಒಳಗೊಳಗೇ ಕುದಿಯುವ, ಮಾತು ಕಡಿಮೆಯ, ಸೋಲುತ್ತೇನೆಂದು ಗೊತ್ತಿದ್ದೂ ಹೆಜ್ಜೆ ಹಿಂದಿಡದ ನಾಯಕನ ಮೇಲೆ ಪ್ರೇಕ್ಷಕರಿಗೆ ಪ್ರೀತಿ ಉಕ್ಕುವುದು ಜಗತ್ತಿನಲ್ಲೆಲ್ಲ ಇರುವ ಸಂಗತಿ. ಇಂಗ್ಲಿಷ್ ಕಾದಂಬರಿ ಓದುವವರಿಗೆ ಹೀತ್‌ಕ್ಲಿಫ್ ಇದ್ದ, ರಾಚೆಸ್ಟರ್ ಇದ್ದ. ಮಂಡ್ಯ ಸೀಮೆಗೆ ಆ ಜಾಗದಲ್ಲಿ ಕರ್ಣ ಇದ್ದಾನೆ, ಅವನ ಬೆನ್ನಿಗೆ ದುರ್ಯೋಧನ ಇದ್ದಾನೆ.

ಪಾರ್ಟು ಹಿಡಿಯುವ ಹುಚ್ಚು

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದ ಹಳ್ಳಿಗಳಲ್ಲಿ ಪೌರಾಣಿಕ ನಾಟಕ ಕಂಪನಿಯವರ ಕಸುಬಾಗಿ ಉಳಿದಿಲ್ಲ. ರೈತರ, ಮೇಷ್ಟ್ರುಗಳ, ಬಸ್ ಡ್ರೈವರುಗಳ, ಪೊಲೀಸರ ಹುಚ್ಚಾಗಿದೆ. ನಾಲೆ ನೀರಿನ ಕಬ್ಬಿನ ದುಡ್ಡೂ ಮಳೆಯಾಶ್ರಯದ ರಾಗಿಯ ದುಡ್ಡೂ ಇದಕ್ಕೆ ಕರಗುತ್ತವೆ. ಇಲ್ಲಿ ನಟನಿಗೆ ಸಂಭಾವನೆಯಿಲ್ಲ, ನಟನೇ ದುಡ್ಡು ಕೊಟ್ಟು ಪಾರ್ಟು ಹಿಡಿಯಬೇಕು. ಪಾತ್ರಕ್ಕೆ ತಕ್ಕ ರೇಟು. ದುರ್ಯೋಧನ, ಕೃಷ್ಣ, ಕರ್ಣ ಮೇಲಿನ ದರದವರು. ವಿದುರ, ಸಾತ್ಯಕಿ ಅಗ್ಗಕ್ಕೆ ಸಿಗುತ್ತಾರೆ. ಬೇಡಿಕೆ ಹೆಚ್ಚಾದರೆ ಒಂದೇ ರಾತ್ರಿಗೆ ಒಂದನೇ ದುರ್ಯೋಧನ, ಎರಡನೇ ದುರ್ಯೋಧನ ಎಂದು ಪಾತ್ರವನ್ನೇ ಪಾಲು ಮಾಡಿಕೊಳ್ಳುತ್ತಾರೆ.

ಕಲಿಸುವವರು ಹಾರ್ಮೋನಿಯಂ ಮೇಷ್ಟ್ರು. ತಿಂಗಳುಗಟ್ಟಲೆ ಸಂಜೆ ಹೊತ್ತು ತಾಲೀಮು. ಓದು ಬಾರದ ಎಷ್ಟೋ ಜನ ಕಂದ, ವೃತ್ತ, ಮಟ್ಟುಗಳನ್ನು ಕಿವಿಯಲ್ಲೇ ಕಲಿತು ಬಾಯಿಪಾಠ ಮಾಡುತ್ತಾರೆ. ಪರದೆ, ಕಿರೀಟ, ಗದೆ, ಲೈಟು ಎಲ್ಲ ‘ಡ್ರಾಮಾ ಸೀನರಿ’ಯವರಿಂದ ಬಾಡಿಗೆಗೆ. ಹ್ಯಾಂಡ್‌ಬಿಲ್ಲಿನಲ್ಲಿ ಪ್ರತಿಯೊಬ್ಬನ ಫೋಟೋ, ಹೆಸರು, ಹೆಸರಿನ ಪಕ್ಕ ಅವನ ಊರು, ಉದ್ಯೋಗ. ಈಚೆಗೆ ಅದರ ಜತೆ ಆಳೆತ್ತರದ ಫ್ಲೆಕ್ಸು. ಮಂಡ್ಯದ ಕಲಾಮಂದಿರದಲ್ಲೂ ಇದೇ ಸಡಗರ. ರಾತ್ರಿ ಶುರುವಾದ ನಾಟಕ ಬೆಳಗಿನ ಜಾವಕ್ಕೆ ಮುಗಿಯುತ್ತದೆ.

ಇದಕ್ಕೆಲ್ಲ ಮೂಲ ಕಂಪನಿ ನಾಟಕದ ವೈಭವ. 1930ರ ದಶಕದಲ್ಲಿ ಗುಬ್ಬಿ ವೀರಣ್ಣನವರ ಕಂಪನಿ ಬಿ. ಪುಟ್ಟಸ್ವಾಮಯ್ಯನವರ ‘ಕುರುಕ್ಷೇತ್ರ’ವನ್ನು ಆನೆ, ಕುದುರೆಗಳನ್ನೇ ರಂಗಕ್ಕೆ ತಂದು ಆಡಿತ್ತು. ಕಂಪನಿಗಳು ಒಂದೊಂದಾಗಿ ಮುಚ್ಚಿದವು. ಅವುಗಳ ಮಟ್ಟು, ಮಾತು, ಠೀವಿ ಮಾತ್ರ ಹಳ್ಳಿಯ ಗಂಟಲಿಗೆ ಇಳಿದು ಉಳಿದುಕೊಂಡವು.

ಗಂಗೆಯ ಪರದೆಯ ಮುಂದೆ

ಕರ್ಣ–ಕುಂತಿ ಸೀನು ಬರುವ ಹೊತ್ತಿಗೆ ರಾತ್ರಿ ಅರ್ಧ ಕಳೆದಿರುತ್ತದೆ. ಚಾಪೆಯ ಮೇಲೆ ಮಲಗಿದ್ದ ಹೆಂಗಸರು ಎದ್ದು ಕೂರುತ್ತಾರೆ, ಟೀ ಅಂಗಡಿಯ ಮುಂದಿದ್ದ ಗಂಡಸರು ಹತ್ತಿರ ಬರುತ್ತಾರೆ. ಹಿಂದೆ ಹೊಳೆ ಬರೆದ ಪರದೆ. ಮುಂದೆ ಜರಿ ಹಚ್ಚಿದ ಎದೆಗವಚವಿಲ್ಲದ ಕರ್ಣ, ಅದನ್ನು ಇಂದ್ರನಿಗೆ ಕೊಟ್ಟಾಗಿದೆ. ಮೇಲಿನಿಂದ ಇಳಿಬಿಟ್ಟ ಮೈಕಿನ ನೇರಕ್ಕೆ ಅವನು ಬಂದು ನಿಲ್ಲುತ್ತಾನೆ. ಮೇಷ್ಟ್ರು ಶ್ರುತಿ ಹಿಡಿಯುತ್ತಾರೆ. ಕರ್ಣ ಮಾತಿಗೆ ಮುಂಚೆ ಕಂದ ಎತ್ತುತ್ತಾನೆ. ಆಲಾಪ ಎಳೆದೆಳೆದು ಏರಿ, ಉಸಿರು ಕಟ್ಟುವ ತುದಿಯಲ್ಲಿ ನಿಂತಾಗ ಮುಂದಿನ ಸಾಲಿನಿಂದ ‘ಒನ್ಸ್ ಮೋರ್’ ಕೂಗು.

ಅಷ್ಟರಲ್ಲಿ ನೆಂಟರೊಬ್ಬರು ಸ್ಟೇಜು ಹತ್ತುತ್ತಾರೆ. ಕರ್ಣನ ಕೊರಳಿಗೆ ಹಾರ, ಎದೆಗೆ ಪಿನ್ನು ಚುಚ್ಚಿದ ನೋಟು. ಹಿಂದೆಯೇ ಇನ್ನೊಬ್ಬರು, ಮತ್ತೊಬ್ಬರು. ಹಾರ ಹಾಕಿದವರ ಹೆಸರುಗಳನ್ನು ಮೈಕಿನಲ್ಲಿ ಓದುತ್ತಾರೆ. ಹೆತ್ತ ಮಗನ ಮುಂದೆ ನಿಜ ಹೇಳಲು ಬಂದ ಕುಂತಿ ಅಷ್ಟು ಹೊತ್ತೂ ಸೆರಗು ಹಿಡಿದು ಪಕ್ಕದಲ್ಲಿ ಕಾಯುತ್ತಾಳೆ. ಹಾರದ ಗದ್ದಲ ಮುಗಿದ ಮೇಲೆ ಕಥೆ ನಿಂತಲ್ಲಿಂದ ಮುಂದುವರಿಯುತ್ತದೆ. ಆಕೆ ಬೇಡುತ್ತಾಳೆ: ನಿನ್ನ ತಮ್ಮಂದಿರನ್ನು ಕೊಲ್ಲಬೇಡ, ತೊಟ್ಟ ಅಂಬನ್ನು ಮತ್ತೆ ತೊಡಬೇಡ. ಅವನು ಕೊಡುತ್ತಾನೆ. ಕೊಟ್ಟರೆ ತಾನು ಉಳಿಯುವುದಿಲ್ಲ ಅಂತ ಗೊತ್ತಿದ್ದೇ ಕೊಡುತ್ತಾನೆ. “ಏನ್ ಪಾರ್ಟ್ ಮಾಡ್ದ ಕಣ್ಲಾ” ಅನ್ನುವ ಮಾತು ಬಾಯಿಂದ ಬಾಯಿಗೆ ಹೋಗುತ್ತದೆ. ಮಾರನೇ ದಿನದಿಂದ ಆ ಮನುಷ್ಯ ಊರಿಗೆಲ್ಲ ‘ಕರ್ಣನ ಪಾರ್ಟಿನವನು’. ಕೆಲವರಿಗಂತೂ ಸಾಯುವತನಕ ಅದೇ ಹೆಸರು.

ಕವಿಗಳೂ ಇದೇ ಕಡೆ

ಈ ಒಲವು ನಿನ್ನೆ ಮೊನ್ನೆಯದಲ್ಲ. 10ನೇ ಶತಮಾನದಲ್ಲಿ ಪಂಪ ತನ್ನ ದೊರೆ ಅರಿಕೇಸರಿಯನ್ನು ಅರ್ಜುನನೊಂದಿಗೆ ಒಂದು ಮಾಡಿ ‘ವಿಕ್ರಮಾರ್ಜುನ ವಿಜಯ’ ಬರೆದ. ಕಾವ್ಯದ ಹೆಸರೇ ಅರ್ಜುನನ ಗೆಲುವು. ಆದರೂ ಕರ್ಣ ಬೀಳುವ ಗಳಿಗೆಯಲ್ಲಿ ಕವಿಯ ಕಂಠ ಗೆದ್ದವನನ್ನು ಬಿಟ್ಟು ಬಿದ್ದವನ ಕಡೆ ವಾಲಿತು. ಅದೇ ಶತಮಾನದ ಕೊನೆಯಲ್ಲಿ ರನ್ನ ತನ್ನ ದೊರೆ ಸತ್ಯಾಶ್ರಯನನ್ನು ಭೀಮನಿಗೆ ಹೋಲಿಸಿ ‘ಗದಾಯುದ್ಧ’ ರಚಿಸಿದ. ಓದಿದವರ ಮನಸ್ಸಿನಲ್ಲಿ ಉಳಿದವನು ಮಾತ್ರ ದುರ್ಯೋಧನ. ಸತ್ತವರ ನಡುವೆ ನಡೆದು, ಗೆಳೆಯ ಕರ್ಣನ ಹೆಣದ ಮುಂದೆ ಕುಸಿಯುವ ಆ ದೊರೆಯನ್ನು ಮರೆಯುವುದು ಕಷ್ಟ.

ಆ ದುರ್ಯೋಧನನನ್ನು ಹೊಸಗನ್ನಡದವರ ಮುಂದೆ ದುರಂತ ನಾಯಕನಾಗಿ ನಿಲ್ಲಿಸಿದವರು ನಾಗಮಂಗಲ ತಾಲ್ಲೂಕಿನ ಬೆಳ್ಳೂರು ಮನೆತನದ ಬಿ.ಎಂ. ಶ್ರೀಕಂಠಯ್ಯ. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಅವರು ಗ್ರೀಕ್ ರುದ್ರನಾಟಕಗಳನ್ನು ಅರೆದು ಕುಡಿದವರು. ರನ್ನನ ಮಾತುಗಳನ್ನೇ ಹೆಕ್ಕಿ ಜೋಡಿಸಿ 1926ರಲ್ಲಿ ‘ಗದಾಯುದ್ಧ ನಾಟಕಂ’ ತಂದರು. ಖಳನೆಂದು ಬೆರಳು ತೋರಿಸುತ್ತಿದ್ದವನ ಛಲವನ್ನೂ ಒಂಟಿತನವನ್ನೂ ಓದುಗ ಎದುರುಗೊಳ್ಳುವ ಹಾಗಾಯಿತು. ಬೆಳ್ಳೂರಿನ ಪ್ರೊಫೆಸರು ಪುಸ್ತಕದಲ್ಲಿ ಕಂಡದ್ದನ್ನೇ ಬೆಳ್ಳೂರು ಸುತ್ತಲಿನ ರೈತರು ಹಾರ್ಮೋನಿಯಂ ಪಕ್ಕ ನಿಂತು ಕಂಡುಕೊಂಡಿದ್ದಾರೆ.

ಕೆ.ಆರ್. ಪೇಟೆಗೆ ಅಂಟಿಕೊಂಡಂತಿರುವ ಹೊಸಹೊಳಲಿಗೆ ಹೋದರೆ 13ನೇ ಶತಮಾನದ ಲಕ್ಷ್ಮೀನಾರಾಯಣ ದೇವಾಲಯವಿದೆ. ಹೊರಗೋಡೆಯ ಬುಡದಲ್ಲಿ ಆನೆಯ ಸಾಲು, ಕುದುರೆಯ ಸಾಲು, ಬಳ್ಳಿ. ಅದರ ಮೇಲೆ ಗೇಣುದ್ದದ ಪಟ್ಟಿಯಲ್ಲಿ ರಾಮಾಯಣ, ಮಹಾಭಾರತ. ಸುತ್ತು ಹಾಕಿದರೆ ಕಥೆ ಜತೆಜತೆಗೇ ಸಾಗುತ್ತದೆ. ಇಲ್ಲಿನವರಿಗೆ ಭಾರತ ಕಥೆ ಪುಸ್ತಕ ಬಿಚ್ಚಿ ಓದಬೇಕಾದದ್ದಾಗಿರಲಿಲ್ಲ; ಕಲ್ಲಿನಲ್ಲಿತ್ತು, ಬಾಯಲ್ಲಿತ್ತು, ಬೆಟ್ಟದ ಹೆಸರಿನಲ್ಲಿತ್ತು.

ರಾಯಗೋಪುರದ ಕೆಳಗೆ

ಸಿನಿಮಾ ಬಂದಾಗ ಈ ಪ್ರೀತಿ ಪರದೆಗೂ ದಾಟಿತು. ಗೆಲ್ಲುವ ದೊರೆಯ ಚಿತ್ರ ನಮ್ಮವರಿಗೆ ಇಷ್ಟವಾಗಲಿಲ್ಲವೆಂದಲ್ಲ. ಶ್ರೀರಂಗಪಟ್ಟಣದಿಂದ 1638ರಿಂದ 1659ರವರೆಗೆ ಆಳಿದ ಕಂಠೀರವ ನರಸರಾಜ ಒಡೆಯರ ಕಥೆ 1960ರಲ್ಲಿ ‘ರಣಧೀರ ಕಂಠೀರವ’ ಆಯಿತು. ಕಲಾವಿದರೇ ಸೇರಿ ದುಡ್ಡು ಹಾಕಿ ಮಾಡಿದ ಆ ಚಿತ್ರದಲ್ಲಿ ರಾಜ್‌ಕುಮಾರ್ ಮಲ್ಲ ದೊರೆಯಾಗಿ ಮೆರೆದರು. ಆದರೆ ಅದೇ ರಾಜ್‌ಕುಮಾರ್ 1977ರ ‘ಬಭ್ರುವಾಹನ’ದಲ್ಲಿ ತಂದೆಯೇ ಒಪ್ಪದ ಮಗನಾಗಿ ನಿಂತಾಗ ಎದ್ದ ಅಲೆಯೇ ಬೇರೆ. ತಂದೆ ಮಗ ಎದುರುಬದುರಾಗುವ ಹಾಡಿಗೆ ಹಳ್ಳಿಯ ಆರ್ಕೆಸ್ಟ್ರಾಗಳಲ್ಲಿ ಇವತ್ತಿಗೂ ಬೇಡಿಕೆ. ಹುಟ್ಟನ್ನು ಹಂಗಿಸಿಕೊಂಡ ಮಗ ಅಂದರೆ ಅವನೂ ಒಂದು ರೀತಿಯಲ್ಲಿ ಕರ್ಣನೇ.

1991ರಲ್ಲಿ ಮಣಿರತ್ನಂ ಕರ್ಣನ ಕಥೆಯನ್ನೇ ಈ ಕಾಲಕ್ಕೆ ತಂದು ‘ದಳಪತಿ’ ತಮಿಳು ಚಿತ್ರ ಮಾಡಿದರು. ರಜನಿಕಾಂತ್ ಅದರ ಕರ್ಣ, ಮಮ್ಮುಟ್ಟಿ ದುರ್ಯೋಧನ. ಚಿತ್ರೀಕರಣಕ್ಕೆ ಅವರು ಹುಡುಕಿಕೊಂಡು ಬಂದ ಜಾಗಗಳಲ್ಲೊಂದು ಪಾಂಡವಪುರ ತಾಲ್ಲೂಕಿನ ಮೇಲುಕೋಟೆ. ತಲೆಯೆತ್ತಿ ಪೂರ್ತಿಯಾಗದೆ ನಿಂತ ರಾಯಗೋಪುರದ ಕಂಬಗಳಿಗೂ ಆ ನಾಯಕನಿಗೂ ಚೆನ್ನಾಗಿ ಹೊಂದಿತು. ಅದಕ್ಕೂ ಮುಂಚೆ, 1988ರಲ್ಲಿ ಶುರುವಾದ ಬಿ.ಆರ್. ಚೋಪ್ರಾ ಅವರ ‘ಮಹಾಭಾರತ’ದಲ್ಲಿ ಪಂಕಜ್ ಧೀರ್ ಕರ್ಣನ ಮುಖವಾಗಿದ್ದರು, ಭಾನುವಾರ ಬೆಳಿಗ್ಗೆ ಟೀವಿ ಇದ್ದವರ ಮನೆ ಮುಂದೆ ಚಪ್ಪಲಿಗಳ ರಾಶಿ. 2020ರ ಲಾಕ್‌ಡೌನಿನಲ್ಲಿ ಸ್ಟಾರ್ ಸುವರ್ಣ ವಾಹಿನಿ ಹಿಂದಿಯ ಇನ್ನೊಂದು ‘ಮಹಾಭಾರತ’ವನ್ನು ಕನ್ನಡಕ್ಕೆ ಡಬ್ ಮಾಡಿ ಹಾಕಿದಾಗ ಹುಡುಗರ ಮೊಬೈಲ್ ಸ್ಟೇಟಸ್ಸುಗಳಲ್ಲೂ ಕರ್ಣ ಬಂದು ಕೂತ.

ಕಲಿಯುಗದ ಕರ್ಣ

ಈ ಸೀಮೆ ತಾನು ಅತಿಯಾಗಿ ಹಚ್ಚಿಕೊಂಡ ನಟನಿಗೆ ಕೊಟ್ಟ ಬಿರುದೂ ಅದೇ. ಮದ್ದೂರು ತಾಲ್ಲೂಕಿನ ದೊಡ್ಡರಸಿನಕೆರೆಯಲ್ಲಿ 1952ರಲ್ಲಿ ಹುಟ್ಟಿದ ಅಂಬರೀಷ್ 1972ರ ‘ನಾಗರಹಾವು’ ಚಿತ್ರದಲ್ಲಿ ಜಲೀಲನಾಗಿ ಬಂದರು. 1981ರ ‘ಅಂತ’ ಅವರನ್ನು ರೆಬೆಲ್ ಸ್ಟಾರ್ ಮಾಡಿತು. ಜನ ಮಾತ್ರ ಅವರನ್ನು ‘ಕಲಿಯುಗದ ಕರ್ಣ’ ಅಂದರು. ಕೇಳಿದವರಿಗೆ ಕೊಡುವ ಕೈ, ಗೆಳೆಯರಿಗಾಗಿ ಏನನ್ನೂ ಬಿಡುವ ಮನಸ್ಸು, ಒರಟು ಮಾತು: ಇವೆಲ್ಲ ಆ ಪಾತ್ರಕ್ಕೆ ಕೂಡಿಬಂದವು. 2007ರಲ್ಲಿ ಕಾವೇರಿ ತೀರ್ಪನ್ನು ವಿರೋಧಿಸಿ ಕೇಂದ್ರದ ಮಂತ್ರಿಗಿರಿಗೆ ರಾಜೀನಾಮೆ ಕೊಟ್ಟಾಗ ಬಿರುದಿಗೆ ಇನ್ನಷ್ಟು ಬಲ ಬಂತು.

ಆದರೆ ಅಭಿಮಾನ ಬೇರೆ, ಓಟು ಬೇರೆ. 2008ರಲ್ಲಿ ಶ್ರೀರಂಗಪಟ್ಟಣ ವಿಧಾನಸಭಾ ಕ್ಷೇತ್ರದಲ್ಲಿ, 2009ರಲ್ಲಿ ಮಂಡ್ಯ ಲೋಕಸಭಾ ಕ್ಷೇತ್ರದಲ್ಲಿ ಅವರು ಸೋತರು. ಸೋತದ್ದರಿಂದ ಪ್ರೀತಿ ಕಡಿಮೆಯಾಗಲಿಲ್ಲ. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ ಬಸ್ಸು ವಿಶ್ವೇಶ್ವರಯ್ಯ ನಾಲೆಗೆ ಉರುಳಿ 30 ಜನ ಸತ್ತರು. ಅದೇ ರಾತ್ರಿ ಬೆಂಗಳೂರಿನಲ್ಲಿ ಅಂಬರೀಷ್ ತೀರಿಕೊಂಡರು. ಒಂದೇ ದಿನ ಎರಡು ಸಾವಿನ ಸುದ್ದಿ ಹೊತ್ತ ಜಿಲ್ಲೆಯ ಜನ ಮರುದಿನ ಮಂಡ್ಯದ ಕ್ರೀಡಾಂಗಣದಲ್ಲಿ ಅಂಬರೀಷ್ ಅಂತಿಮ ದರ್ಶನಕ್ಕೆ ಇರುಳೆಲ್ಲ ಸಾಲುಗಟ್ಟಿದರು. ಹೊರಡುವ ಮುಂಚೆ ಅವರ ಹಣೆಗೆ ಮಂಡ್ಯದ ಮಣ್ಣು ಹಚ್ಚಿದರು ಪತ್ನಿ ಸುಮಲತಾ. ರನ್ನನ ಕಾವ್ಯವನ್ನು ಆಧರಿಸಿದ ‘ಕುರುಕ್ಷೇತ್ರ’ ಚಿತ್ರ 2019ರ ಆಗಸ್ಟ್‌ನಲ್ಲಿ ತೆರೆಗೆ ಬಂದಾಗ ಅದರಲ್ಲಿ ಭೀಷ್ಮನಾಗಿ ಅಂಬರೀಷ್ ಇದ್ದರು, ನೋಡಲು ಅವರೇ ಇರಲಿಲ್ಲ.

ಪ್ರೀತಿ ಇರಲಿ, ಕಣ್ಣೂ ತೆರೆದಿರಲಿ

ಯಾಕೆ ಕರ್ಣ? ಕಾರಣ ಕಷ್ಟದ್ದಲ್ಲ. ಕುಲ ಕೇಳಿ ಅವಮಾನಿಸಿದ ಸಭೆಯನ್ನು ಹಳ್ಳಿಯ ಮನುಷ್ಯ ಕಂಡಿದ್ದಾನೆ. ಎಲ್ಲರೂ ನಕ್ಕಾಗ ಕೈಹಿಡಿದ ಒಬ್ಬ ಗೆಳೆಯನ ಬೆಲೆ ಅವನಿಗೆ ಗೊತ್ತು. ಉಂಡ ಮನೆಗೆ ಎರಡು ಬಗೆಯಬಾರದು ಅನ್ನುವುದು ಅವನಿಗೆ ಯಾವ ಶಾಸ್ತ್ರಕ್ಕಿಂತ ದೊಡ್ಡ ಶಾಸ್ತ್ರ. ರಾಜ್ಯ ಸಿಗುತ್ತದೆ, ದ್ರೌಪದಿ ಸಿಗುತ್ತಾಳೆ ಅಂದರೂ ಅನ್ನದ ಋಣಕ್ಕೆ ಬೆನ್ನು ತೋರಿಸದವನು ಅವನ ಕಣ್ಣಿಗೆ ಗೆದ್ದವನೇ.

ಆದರೆ ಆ ದ್ರೌಪದಿಯ ಕಡೆಯಿಂದಲೂ ಒಮ್ಮೆ ನೋಡಬೇಕು. ಜೂಜಿನ ಸಭೆಯಲ್ಲಿ ಆಕೆಯನ್ನು ಎಳೆತರಿಸಿದವನು ನಮ್ಮ ಛಲದಂಕಮಲ್ಲ ದುರ್ಯೋಧನ. ಆಕೆಯನ್ನು ಹೀನಮಾತಿನಲ್ಲಿ ಹಳಿದವನು ನಮ್ಮ ದಾನಶೂರ ಕರ್ಣ. ಕುದಿಯುವ ನಾಯಕನ ಮೋಹದಲ್ಲಿ ಅವನ ಕುದಿತಕ್ಕೆ ಸಿಕ್ಕಿ ಸುಟ್ಟವರನ್ನು ಮರೆಯುವುದು ಸುಲಭ. ಈ ಮರೆವು ರಂಗದ ಮೇಲೂ ಇದೆ. ಕುಂತಿ, ದ್ರೌಪದಿ, ಭಾನುಮತಿಯಾಗಿ ಬರುವ ಕಲಾವಿದೆಯರು ವೃತ್ತಿಯವರು. ಇವತ್ತು ನಾಗಮಂಗಲ, ನಾಳೆ ಕಿಕ್ಕೇರಿ ಅಂತ ನಿದ್ದೆಗೆಟ್ಟು ಓಡಾಡುವವರು. ಗಂಡು ಪಾತ್ರಗಳು ಎಡವಿದಾಗ ಮಾತು ಎತ್ತಿಕೊಟ್ಟು ಸೀನು ಉಳಿಸುವವರು ಅವರೇ. ಹ್ಯಾಂಡ್‌ಬಿಲ್ಲಿನಲ್ಲಿ ಅವರ ಹೆಸರು ಕೊನೆಗೆ, ಹಾರ ಅಪರೂಪಕ್ಕೆ.

ಈ ಸುಗ್ಗಿಯಲ್ಲಿ ನಿಮ್ಮೂರಿನಲ್ಲೂ ‘ಕುರುಕ್ಷೇತ್ರ’ ನಡೆಯಬಹುದು. ಕರ್ಣನಿಗೆ ಶಿಳ್ಳೆ ಹೊಡೆಯಿರಿ, ನೋಟು ಚುಚ್ಚಿ, ಒನ್ಸ್ ಮೋರ್ ಕೂಗಿ, ತಪ್ಪೇನಿಲ್ಲ. ಹೂವಿನ ಅಂಗಡಿಯಲ್ಲಿ ಹಾರ ಕೊಳ್ಳುವಾಗ ಮಾತ್ರ ಎರಡು ಕೊಳ್ಳಿ. ಒಂದು ಅವನಿಗೆ, ಇನ್ನೊಂದು ಕುಂತಿಯ ಪಾರ್ಟು ಮಾಡುವ ಆಯಮ್ಮನಿಗೆ.