ಬಸಿರಿಗೆ ಮುನ್ನ ಮಾತ್ರೆಗಳ ಪರಿಶೀಲನೆ

ಕರ್ನಾಟಕದಲ್ಲಿ ಬಸುರಿಯ ಹೆಸರು ಆರೋಗ್ಯ ಕೇಂದ್ರದಲ್ಲಿ ದಾಖಲಾಗಿ ತಾಯಿ ಕಾರ್ಡ್ ಕೈಸೇರುವುದು ಮುಟ್ಟು ತಪ್ಪಿ ಕೆಲವು ವಾರಗಳಾದ ಮೇಲೆ. ಆದರೆ ಮಗುವಿನ ಮಿದುಳು ಮತ್ತು ಬೆನ್ನುಹುರಿಗಳಿಗೆ ಮೂಲವಾದ ನರನಾಳವು ಗರ್ಭ ಕಟ್ಟಿದ ಸುಮಾರು 28 ದಿನಗಳೊಳಗೆ, ಅಂದರೆ ಮುಟ್ಟು ತಪ್ಪಿ ಎರಡು ವಾರ ಕಳೆಯುವಷ್ಟರಲ್ಲಿ, ಮುಚ್ಚಿಕೊಂಡಿರುತ್ತದೆ. ಆದ್ದರಿಂದ ದೀರ್ಘಕಾಲದ ಕಾಯಿಲೆಗೆ ನಿತ್ಯ ಮಾತ್ರೆ ನುಂಗುವ ಹೆಣ್ಣುಮಗಳ ವಿಷಯದಲ್ಲಿ ಔಷಧದ ಪರಿಶೀಲನೆ ಮೊದಲ ತಪಾಸಣೆಯ ದಿನ ನಡೆದರೆ, ಅದು ಬಹುಪಾಲು ತಡವಾಗಿಯೇ ನಡೆದಂತೆ.

ಈ ಮೊದಲ ವಾರಗಳ ಸೂಕ್ಷ್ಮತೆಯನ್ನು ಜಗತ್ತಿಗೆ ಅರಿವು ಮಾಡಿಸಿದ್ದು ಥಾಲಿಡೊಮೈಡ್. 1957ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ನಿದ್ರೆಯ ಮಾತ್ರೆಯಾಗಿ ಮಾರುಕಟ್ಟೆಗೆ ಬಂದು, ಬಸುರಿಯರ ವಾಕರಿಕೆಗೂ ಬಳಕೆಯಾದ ಈ ಔಷಧವನ್ನು 1961ರಲ್ಲಿ ಅಲ್ಲಿ ಹಿಂತೆಗೆದುಕೊಳ್ಳುವ ಹೊತ್ತಿಗೆ, ಹಲವು ದೇಶಗಳಲ್ಲಿ ಸಾವಿರಾರು ಮಕ್ಕಳು ಕೈಕಾಲುಗಳ ಗಂಭೀರ ಊನದೊಂದಿಗೆ ಹುಟ್ಟಿಯಾಗಿತ್ತು.

ಇಂದು ಹೆಚ್ಚು ಗಮನ ಬೇಡುವುದು ಸೋಡಿಯಂ ವ್ಯಾಲ್‌ಪ್ರೋಯೇಟ್. ಮೂರ್ಛೆರೋಗಕ್ಕೆ, ಅಂದರೆ ಜನರು ಫಿಟ್ಸ್ ಎನ್ನುವ ಕಾಯಿಲೆಗೆ, ಇದು ಬಹಳ ಪರಿಣಾಮಕಾರಿ. ಬೈಪೋಲಾರ್ ಎಂಬ ಮನೋರೋಗಕ್ಕೂ ಮೈಗ್ರೇನ್ ತಲೆನೋವಿಗೂ ಇದನ್ನು ಕೊಡುವುದುಂಟು. ಸಾಮಾನ್ಯವಾಗಿ ನೂರರಲ್ಲಿ ಎರಡು ಮೂರು ಶಿಶುಗಳಲ್ಲಿ ಕಾಣುವ ದೊಡ್ಡ ಜನ್ಮದೋಷಗಳು, ತಾಯಿ ಗರ್ಭಾವಸ್ಥೆಯಲ್ಲಿ ಇದನ್ನು ಸೇವಿಸಿದ್ದಾಗ ನೂರರಲ್ಲಿ ಸುಮಾರು ಹತ್ತು ಶಿಶುಗಳಲ್ಲಿ ಕಂಡುಬರುತ್ತವೆ, ಪ್ರಮಾಣ ಹೆಚ್ಚಿದಷ್ಟೂ ಅಪಾಯ ಏರುತ್ತದೆ. ಹುಟ್ಟಿದಾಗ ಅಂಗಾಂಗಗಳು ಸರಿಯಿದ್ದ ಮಕ್ಕಳಲ್ಲೂ ಹಲವರಿಗೆ ಮಾತು, ಕಲಿಕೆ, ನೆನಪುಗಳ ಬೆಳವಣಿಗೆ ಮುಂದೆ ಹಿಂದುಳಿಯುತ್ತದೆ.

ಹಾಗೆಂದು ಹೆದರಿ ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸುವುದು ಇನ್ನೊಂದು ಅನಾಹುತಕ್ಕೆ ದಾರಿ. ಬಿಡದೆ ಬರುವ ಫಿಟ್ಸ್ ತಾಯಿಯ ಜೀವವನ್ನೂ ಗರ್ಭವನ್ನೂ ಕಳೆಯಬಲ್ಲದು. ಲ್ಯಾಮೊಟ್ರಿಜಿನ್, ಲೆವೆಟಿರಾಸಿಟಮ್‌ಗಳಂತಹ, ಅಪಾಯ ಬಹಳ ಕಡಿಮೆಯಿರುವ ಔಷಧಗಳಿಗೆ ನರರೋಗ ತಜ್ಞರು ಮೆಲ್ಲಮೆಲ್ಲನೆ ಬದಲಿಸಿ, ಫಿಟ್ಸ್ ಹತೋಟಿಯಲ್ಲಿದೆಯೆಂದು ಖಚಿತಪಡಿಸಿಕೊಳ್ಳಲು ತಿಂಗಳುಗಳೇ ಬೇಕು. ನರನಾಳದ ದೋಷ ತಡೆಯುವ ಫೋಲಿಕ್ ಆಮ್ಲವೂ ಗರ್ಭ ಕಟ್ಟುವ ಮೊದಲೇ ಆರಂಭವಾಗಬೇಕು. ಸಾಮಾನ್ಯರಿಗೆ ದಿನಕ್ಕೆ 400 ಮೈಕ್ರೋಗ್ರಾಂ ಸಾಕಾದರೆ, ಫಿಟ್ಸ್ ಮಾತ್ರೆ ಸೇವಿಸುವವರಿಗೆ ವೈದ್ಯರು ಹೆಚ್ಚಿನ ಪ್ರಮಾಣ ಸೂಚಿಸುವುದುಂಟು.

ನಮ್ಮಲ್ಲಿ ಈ ಸಿದ್ಧತೆಗೆ ಅಡ್ಡಬರುವುದು ಮುಚ್ಚುಮರೆ. 1999ರ ತಿದ್ದುಪಡಿಯು ಹಿಂದೂ ವಿವಾಹ ಕಾಯ್ದೆಯಿಂದ ಮೂರ್ಛೆರೋಗದ ಉಲ್ಲೇಖವನ್ನೇ ತೆಗೆದುಹಾಕಿದ್ದರೂ, ಕಾಯಿಲೆಯನ್ನು ಬೀಗರಿಂದ ಮರೆಮಾಚಿ ಮದುವೆ ಮಾಡುವುದು ನಿಂತಿಲ್ಲ. ಗಂಡನ ಮನೆಯಲ್ಲಿ ಕದ್ದು ಮಾತ್ರೆ ನುಂಗುವ ಸೊಸೆ ಪ್ರಸೂತಿ ವೈದ್ಯರ ಮುಂದೆ ಅತ್ತೆಯ ಎದುರಿನಲ್ಲಿ ಬಾಯಿ ಬಿಡುವುದಾದರೂ ಹೇಗೆ? ಅಂಥವಳನ್ನು ವೈದ್ಯರು ಒಬ್ಬಳನ್ನೇ ಕೂರಿಸಿ ಮಾತನಾಡಿಸುವುದು ಚಿಕಿತ್ಸೆಯಷ್ಟೇ ಮುಖ್ಯ.

ಎಚ್ಚರ ಬೇಡುವ ಮಾತ್ರೆಗಳ ಪಟ್ಟಿ ಫಿಟ್ಸ್ ಔಷಧಕ್ಕೇ ಮುಗಿಯುವುದಿಲ್ಲ. ಮೊಡವೆಗೆ ಕೊಡುವ ಐಸೊಟ್ರೆಟಿನಾಯಿನ್ ಅನ್ನು ಗರ್ಭಧಾರಣೆಗೆ ಕನಿಷ್ಠ ಒಂದು ತಿಂಗಳ ಮೊದಲೇ ಬಿಡಬೇಕು. ಸಂಧಿವಾತದ ಮೆಥೊಟ್ರೆಕ್ಸೇಟನ್ನೂ ಎಷ್ಟು ಮೊದಲು ನಿಲ್ಲಿಸಬೇಕೆಂದು ವೈದ್ಯರಲ್ಲಿ ಕೇಳಿ ನಿರ್ಧರಿಸಬೇಕು. ರಕ್ತದೊತ್ತಡದ ಎನಾಲಪ್ರಿಲ್‌ನಂತಹ ಮಾತ್ರೆಗಳು ಶಿಶುವಿನ ಮೂತ್ರಪಿಂಡವನ್ನು ಕೆಡಿಸಬಲ್ಲವಾದ್ದರಿಂದ ಅವುಗಳಿಗೆ ಬದಲಿ ಬೇಕು. ಇದಕ್ಕೆ ವಿರುದ್ಧವಾಗಿ ಥೈರಾಯ್ಡ್ ಕೊರತೆಗೆ ಸೇವಿಸುವ ಲೆವೊಥೈರಾಕ್ಸಿನ್ ಅನ್ನು ನಿಲ್ಲಿಸಲೇಕೂಡದು, ಬಸಿರಿನಲ್ಲಿ ಅದರ ಪ್ರಮಾಣವನ್ನು ಹೆಚ್ಚಿಸಬೇಕಾಗಿ ಬರುವುದೇ ಹೆಚ್ಚು.

ವೈದ್ಯರ ಬಳಿಗೆ ಹೋಗುವಾಗ ಚೀಟಿಯ ಜೊತೆಗೆ ಮಾತ್ರೆಯ ಹಾಳೆಗಳನ್ನೂ ಒಯ್ಯುವುದು ಒಳಿತು. ದೊಡ್ಡ ಅಕ್ಷರದ ಕಂಪನಿ ಹೆಸರಿಗಿಂತ ಅದರ ಬಳಿ ಸಣ್ಣದಾಗಿ ಅಚ್ಚಾಗಿರುವ ಔಷಧದ ಮೂಲ ಹೆಸರೇ ಇಲ್ಲಿ ಮುಖ್ಯ. ಮೆಡಿಕಲ್ ಶಾಪಿನಲ್ಲಿ ನಾಲ್ಕೈದು ಮಾತ್ರೆಗಳನ್ನಷ್ಟೇ ಕತ್ತರಿಸಿ ಕೊಟ್ಟಾಗ ಆ ಹೆಸರಿರುವ ತುಂಡು ಅಂಗಡಿಯಲ್ಲೇ ಉಳಿದುಬಿಡುವುದರಿಂದ, ಅದನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳಬೇಕು.